ಸುರೇಂದ್ರಾಚಾರಿಯ ಕಾವಲು ದೂತ

ಕನ್ನಡಕ ಕಳೆದುಹೋದರೆ ಜನಕ್ಕೆ ತೊಂದರೆ ಶುರುವಾಗುತ್ತದೆ. ಪಾಂಡವಪುರದ ಮರಗೆಲಸದ ಸುರೇಂದ್ರಾಚಾರಿಗೆ ತೊಂದರೆ ಶುರುವಾದದ್ದು ಕಳೆದುಹೋದ ಕನ್ನಡಕ ಸಿಕ್ಕಿದ ಮೇಲೆ.

ಅವತ್ತು ಗಾಂಧಿ ಜಯಂತಿ. ಮನೆ ಹಿಂದಿನ ಶೀಟಿನ ಕೊಟ್ಟಿಗೆಯಲ್ಲಿ ಹಿಂದಿನ ದಿನದ ಮರದ ಹೊಟ್ಟು ಗುಡಿಸುತ್ತಿದ್ದಾಗ ಕನ್ನಡಕ ಪೊರಕೆಗೆ ಸಿಕ್ಕಿತು. ಊದಿ, ಪಂಚೆಯ ಅಂಚಿಗೆ ಒರೆಸಿ, ಮೂಗಿಗೇರಿಸಿದ. ಜಗತ್ತು ತಿಳಿಯಾಗಿ ಕಂಡಿತು. ಜಗತ್ತಿನ ಜೊತೆಗೆ, ಕಿಟಕಿಯ ಕೆಳಗೆ ನೆಲದ ಮೇಲೆ ಬಾಡಿ ಬಿದ್ದಿದ್ದ ತುಳಸಿ ದಳಗಳೂ ಕಂಡವು. ಆಚಾರಿಯ ಕೈಯಿಂದ ಪೊರಕೆ ಜಾರಿತು.

ಆ ತುಳಸಿಯ ಭಯ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆಚಾರಿಯ ಮನೆತನದವರು ದೇವಸ್ಥಾನಗಳಿಗೆ ವಾಹನ ಮಾಡಿಕೊಟ್ಟುಕೊಂಡು ಬಂದವರು. ಹಂಸ, ಗರುಡ, ಹನುಮಂತ, ಏನು ಕೇಳಿದರೂ ಮರದೊಳಗಿಂದ ಎಬ್ಬಿಸಿ ಕೊಡುವವರು. ಈಚೆಗೆ ಕೆ.ಆರ್. ಪೇಟೆಯಲ್ಲಿ ಫೈಬರ್ ಮೂರ್ತಿಗಳ ಅಂಗಡಿ ಬಂದಮೇಲೆ ಆಚಾರಿಯ ಉಳಿಗೆ ಕೆಲಸ ಕಡಿಮೆಯಾಗಿ, ಅವನು ಯಾರ್ಯಾರದೋ ಅಡುಗೆಮನೆಗೆ ಪ್ಲೈವುಡ್ ಕಪಾಟು ಕೂರಿಸಿಕೊಂಡಿದ್ದ. ಅಂಥ ಹೊತ್ತಿನಲ್ಲಿ ಒಂದೇ ವಾರದಲ್ಲಿ ಎರಡು ಕೆಲಸ ಬಂದವು. ಸಂತೆಬಾಚಹಳ್ಳಿ ಕಡೆಯ ಹೊಂಗೆಕೊಪ್ಪಲಿನ ನಾರಾಯಣಸ್ವಾಮಿ ಗುಡಿಗೆ ಒಬ್ಬ ಗರುಡ. ಶ್ರೀರಂಗಪಟ್ಟಣದ ಹೊರಗಿನ ಪುಟ್ಟ ಚರ್ಚಿಗೆ ಒಬ್ಬ ಕಾವಲು ದೂತ.

ಹೊಂಗೆಕೊಪ್ಪಲಿನಲ್ಲಿ ಅರ್ಧ ಊರು ಫೈಬರ್ ಗರುಡ ಸಾಕು ಅಂದಿತ್ತು. ಗುಡಿಯ ಯಜಮಾನ ಮುದ್ದಯ್ಯ ಮಾತ್ರ, “ನಮ್ ಆಚಾರಿ ಮಾಡ್ದಂಗೆ ಮೆಸಿನ್ನು ಮಾಡ್ತದಾ? ಕೆಲ್ಸ ಕೆಟ್ರೆ ನನ್ ಮೀಸೆ ಬೋಳುಸ್ಕತೀನಿ” ಅಂತ ಎದೆ ತಟ್ಟಿದ್ದ. ಹಾಗಾಗಿ ಈ ಗರುಡನ ಮೇಲೆ ಆಚಾರಿಯ ಹೆಸರು, ಮುದ್ದಯ್ಯನ ಮೀಸೆ ಎರಡೂ ನಿಂತಿದ್ದವು. ಕೆಲಸ ಚೆನ್ನಾಗಿ ಬಂದರೆ ಸುತ್ತಲಿನ ಗುಡಿಗಳವರು ಮತ್ತೆ ಆಚಾರಿಯ ಬಾಗಿಲಿಗೆ ಬರುತ್ತಾರೆ. ಕೆಟ್ಟರೆ ಜೀವಮಾನವೆಲ್ಲ ಪ್ಲೈವುಡ್ಡೇ ಗತಿ.

ಇನ್ನು ದೂತ. ದೂತನೆಂದರೆ ಹೇಗಿರುತ್ತಾನೆ ಅಂತ ಆಚಾರಿಗೆ ಗೊತ್ತಿರಲಿಲ್ಲ. ಚರ್ಚಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ, ನರ್ಸ್ ಕೆಲಸದಿಂದ ನಿವೃತ್ತರಾದ ಫಿಲೋಮಿನಮ್ಮ ವಿವರಿಸಿದ್ದರು. “ರೆಕ್ಕೆ ಇರುತ್ತೆ ಆಚಾರ್ರೇ. ಕೈ ಮುಗಿದು ಮಂಡಿಯೂರಿರ್ತಾನೆ. ದೇವರು ಹೇಳಿದ ಕಡೆ ಹಾರಿಹೋಗ್ತಾನೆ.”

“ಓ, ಗೊತ್ತು ಬುಡಿ” ಅಂದಿದ್ದ ಆಚಾರಿ. ಗೊತ್ತಿದ್ದದ್ದು ಗರುಡನೊಬ್ಬನೇ ಆದ್ದರಿಂದ ಕೈ ಗರುಡನನ್ನೇ ಕೆತ್ತಿತು. ನೋಡಲು ಬಂದ ಫಿಲೋಮಿನಮ್ಮ ಗಾಬರಿಬಿದ್ದು, ಮೊದಲು ಮೀಸೆ ತೆಗೆಸಿದರು, ಆಮೇಲೆ ಕೊಕ್ಕಿನಂಥ ಮೂಗು ಸವೆಸಿದರು, ಕಿರೀಟ ಕಿತ್ತು ಗುಂಗುರು ಕೂದಲು ಮಾಡಿಸಿದರು. ಕೊನೆಗೆ ಒಂದೇ ಹಲಸಿನ ಮರದಲ್ಲಿ, ಒಂದೇ ಎತ್ತರದ, ಒಂದೇ ರೆಕ್ಕೆಯ ಇಬ್ಬರು ತಯಾರಾದರು. ಮುಖ ಬಿಟ್ಟರೆ ಅಣ್ಣತಮ್ಮಂದಿರಂತೆ ಇದ್ದರು.

ಆಚಾರಿಯ ಮನೆತನದಲ್ಲಿ ಒಂದು ಪದ್ಧತಿ. ಮೂರ್ತಿಗೆ ಕೊನೆಗೆ ಕಣ್ಣು ತೆರೆಸಿದ ಮೇಲೆ ಮಾಡಿದವನು ಅದರ ಮುಖ ನೋಡುವ ಹಾಗಿಲ್ಲ, ಪೂಜೆಯ ಹೊತ್ತಿಗೆ ಬಟ್ಟೆ ಸರಿಸುವ ತನಕ ಬೇರೆ ಯಾರೂ ನೋಡುವ ಹಾಗಿಲ್ಲ. ಮುಖಕ್ಕೆ ಹತ್ತಿ ಒತ್ತಿ, ಮೈಗೆಲ್ಲ ನೆಲ್ಲುಹುಲ್ಲು ಸುತ್ತಿ, ಗೋಣಿ ಹೊಲಿದು, ಮೇಲೆ ಹೊಸ ಬಟ್ಟೆ ಕಟ್ಟಬೇಕು. ದೂತನಿಗೂ ಬೇರೆ ಪದ್ಧತಿ ಗೊತ್ತಿಲ್ಲದ್ದರಿಂದ ಅವನಿಗೂ ಇದನ್ನೇ ಮಾಡಿದ. ಗರುಡನಿಗೆ ಹಳದಿ ಬಟ್ಟೆ, ದೂತನಿಗೆ ಬಿಳಿ ಬಟ್ಟೆ ಅಂತ ತೆಗೆದಿಟ್ಟಿದ್ದ. ಗರುಡನ ಪೀಠದ ಕೆಳಗೆ ತುಳಸಿ ಹಾಕಿದ್ದ. ಹಿಂದಿನ ಸಂಜೆ ಗೋಣಿ ಹೊಲಿದು ಮುಗಿಸುವ ಹೊತ್ತಿಗೆ ಕರೆಂಟು ಹೋಯಿತು, ಬೆವರು ಒರೆಸಿಕೊಳ್ಳಲು ತೆಗೆದ ಕನ್ನಡಕ ಹೊಟ್ಟಿನಲ್ಲಿ ಮಾಯವಾಯಿತು. ಹೆಂಡತಿ ವರಲಕ್ಷ್ಮಮ್ಮ ದೀಪ ಹಿಡಿದು ನಿಂತಳು. ಆಚಾರಿ ಕಣ್ಣು ಕಿರಿದು ಮಾಡಿಕೊಂಡು ಬಾಗಿಲ ಕಡೆಯ ಗೋಣಿಗೆ ಹಳದಿ, ಕಿಟಕಿ ಕಡೆಯದಕ್ಕೆ ಬಿಳಿ ಕಟ್ಟಿ ಕೈ ಮುಗಿದ.

ಮೂರ್ತಿ ಮನೆ ಬಿಟ್ಟು ಹೊರಡುವಾಗ ಮಾಡಿದವನು ಎದುರಿಗೆ ಇರಬಾರದು ಅನ್ನುವುದೂ ಆ ಪದ್ಧತಿಯ ಒಂದು ಭಾಗ. ಆದ್ದರಿಂದ ಬೆಳಿಗ್ಗೆ ಆಚಾರಿ ಟೀ ಅಂಗಡಿಗೆ ಹೋಗಿ ಕೂತಿದ್ದ. ವರಲಕ್ಷ್ಮಮ್ಮ ಹಳದಿ ಗಂಟನ್ನು ಹೊಂಗೆಕೊಪ್ಪಲಿನ ಟ್ರಾಕ್ಟರಿಗೂ ಬಿಳಿ ಗಂಟನ್ನು ಚರ್ಚಿನ ವ್ಯಾನಿಗೂ ಏರಿಸಿ ಕಳಿಸಿ, ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆಂದು ಹೊಣಕೆರೆ ಬಸ್ಸು ಹತ್ತಿದಳು.

ಈಗ ತುಳಸಿ ಕಿಟಕಿಯ ಕೆಳಗೆ ಬಿದ್ದಿದೆ. ಅಂದರೆ ಗರುಡ ಇದ್ದದ್ದು ಕಿಟಕಿಯ ಕಡೆ. ಕಿಟಕಿ ಕಡೆಯದಕ್ಕೆ ಆಚಾರಿ ಕಟ್ಟಿದ್ದು ಬಿಳಿ ಬಟ್ಟೆ.

“ಕೆಟ್ಟೆ!” ಅಂತ ಆಚಾರಿ ಹಣೆ ಬಡಿದುಕೊಂಡ. ಹೆಂಡತಿಗೆ ಫೋನು ಮಾಡಿದ. ಅವಳ ಫೋನು ಮನೆಯೊಳಗೆ ಫ್ರಿಜ್ಜಿನ ಮೇಲೆ ಚಾರ್ಜಿಗೆ ಹಾಕಿದ್ದಲ್ಲೇ ಹಾಡತೊಡಗಿತು.

ಪಕ್ಕದ ಮನೆಯ ಚಲುವರಾಜು ಗೂಡ್ಸ್ ಆಟೋ ತೊಳೆಯುತ್ತಿದ್ದ. ಕರೆದರೆ ಬರುವ ಮನುಷ್ಯ. ಕರೆಯದಿದ್ದರೂ ಬರುತ್ತಿದ್ದ.

“ಲೇ ಚಲುವ, ಗಾಡಿ ತೆಗಿಯಲಾ ಬಿರ್‍ರನೆ!”

“ಯಾಕಣ್ಣೋ? ಯಾರ್ಗೇನಾಯ್ತು?”

“ಗರುಡ ಚರ್ಚಿಗೋಗ್ಬುಟ್ಟವ್ನೆ ಕಣ್ಲಾ!”

“ಯಾವ್ ಗರುಡ? ಕರೆಂಟ್ ಆಫೀಸಿನ್ ಗರುಡಯ್ಯನಾ? ಯಾವಾಗ್ ಸೇರ್ಕಂಡ?”

ಆಚಾರಿ ಗಾಡಿಯಲ್ಲಿ ಕೂತು ದಾರಿಯುದ್ದಕ್ಕೂ ವಿಷಯ ತಿಳಿಸಿದ. ಎರಡು ಕಡೆಯೂ ಬಟ್ಟೆ ಸರಿಸುವುದು ಸಂಜೆಗೆ. ಅಷ್ಟರೊಳಗೆ ಬಿಳಿ ಗಂಟನ್ನು ಚರ್ಚಿನಿಂದ ಎತ್ತಿ, ಹೊಂಗೆಕೊಪ್ಪಲಿಗೆ ಒಯ್ದು, ಅಲ್ಲಿ ಎರಡರ ಬಟ್ಟೆ ಅದಲುಬದಲು ಮಾಡಿ, ದೂತನನ್ನು ವಾಪಸು ತಂದು ಇಡಬೇಕು. ಯಾರಿಗೂ ಗೊತ್ತಾಗಬಾರದು.

“ಬಿಚ್ಚಿ ನೋಡ್ಬುಟ್ರೆ ಆಯ್ತಪ್ಪ, ಯಾವ್ದು ಯಾವ್ದು ಅಂತ.”

“ಬಾಯ್ ಮುಚ್ಚಲಾ. ಕಣ್ ತೆರ್ದಿರೋ ಮೂರ್ತಿ ನನ್ ಮೊಖ ನೋಡುದ್ರೆ ಮನೆತನುಕ್ಕೇ ಒಳ್ಳೇದಲ್ಲ.”

ಚರ್ಚಿನ ಬಾಗಿಲಲ್ಲಿ ಫಿಲೋಮಿನಮ್ಮ ಹೂವು ಕಟ್ಟುತ್ತಿದ್ದರು. ಗಾಡಿ ನಿಲ್ಲಿಸಲು ಚಲುವರಾಜು ಹಿಂದೆ ಉಳಿದಿದ್ದ, ಆಚಾರಿ ಒಬ್ಬನೇ ಮೆಟ್ಟಿಲು ಹತ್ತಿದ.

“ಬನ್ನಿ ಬನ್ನಿ, ಇಬ್ರೂ ಬನ್ನಿ” ಅಂದರು ಫಿಲೋಮಿನಮ್ಮ.

ಆಚಾರಿ ಹಿಂದಕ್ಕೆ ತಿರುಗಿ ನೋಡಿದ. “ಯಾರಮ್ಮ ಇನ್ನೊಬ್ರು?”

“ನಿಮ್ಮ ಕಾವಲು ದೂತ. ಹುಟ್ಟಿದಾಗಿಂದ ಸಾಯೋವರೆಗೂ ಜೊತೇಲೇ ಇರ್ತಾನೆ. ನಿಮ್ಮನ್ನ ಮಾತಾಡಿಸಿ ಅವನನ್ನ ಬಿಟ್ರೆ ಚೆನ್ನಾಗಿರುತ್ತಾ?”

“ನಮ್ ಪೈಕೀಗೂ ಇರ್ತಾನಾ?”

“ಎಲ್ಲರಿಗೂ. ನಮ್ಮ ಹಳಬರು ಸಮ್ಮನಸು ಅಂತಿದ್ರು. ನಾವು ತಪ್ಪು ಮಾಡಿದರೆ ಮೆಲ್ಲಗೆ ಸರಿ ಮಾಡ್ತಾನೆ. ಮಾಡಿದ್ದನ್ನ ಹೇಳಿಕೊಳ್ಳೋದಿಲ್ಲ, ಅದೇ ಅವನ ದೊಡ್ಡತನ.”

ಆಚಾರಿಗೆ ಒಳಗೊಳಗೇ ಬೇಸರವಾಯಿತು. ನೆನ್ನೆ ಸಂಜೆ ಈ ಆಸಾಮಿ ಎಲ್ಲಿಗೆ ಹೋಗಿದ್ದ? ಕನ್ನಡಕ ಹುಡುಕಿಕೊಡುವುದು ಅಂಥ ದೊಡ್ಡ ಕೆಲಸವೇನೂ ಆಗಿರಲಿಲ್ಲ.

ಬಿಳಿ ಗಂಟು ಬಲಿಪೀಠದ ಪಕ್ಕದಲ್ಲಿ ಮೇಣದಬತ್ತಿಗಳ ನಡುವೆ ಕೂತಿತ್ತು. ಅವತ್ತು ಕಾವಲು ದೂತರ ಹಬ್ಬ. ಮೈಸೂರಿಗೆ ಹೋದ ಫಾದರ್ ಸಂಜೆ ಬಲಿಪೂಜೆಗೆ ಬಂದು ಬಟ್ಟೆ ಸರಿಸುವುದೆಂದು ನಿಗದಿಯಾಗಿತ್ತು. ಆಚಾರಿ ದಾರಿಯಲ್ಲಿ ಹೊಸೆದುಕೊಂಡು ಬಂದಿದ್ದ ಸುಳ್ಳನ್ನು ಹೊರಗೆ ತೆಗೆದ.

“ಸಿಸ್ಟರಮ್ಮ, ಒಂದು ಶಾಸ್ತ್ರ ಉಳ್ದೋಗದೆ. ಒಂದೇ ಮರದಲ್ಲಿ ಮಾಡಿದ ಎರಡು ಮೂರ್ತಿ ಮನೆ ಬುಟ್ಮೇಲೆ ಒಂದ್ಸಲ ಪಕ್ಕಪಕ್ಕ ಕುಂತ್ಕಂಡು ಎದ್ದೇಳ್ಬೇಕು. ಇಲ್ದಿದ್ರೆ ಮರ ಸೀಳ್ತದೆ. ಹೊಂಗೆಕೊಪ್ಪಲ ಗಂಟ ಓಗಿ ಬಂದ್ಬುಡ್ತೀವಿ.”

ಫಿಲೋಮಿನಮ್ಮನ ಕಣ್ಣಲ್ಲಿ ನೀರು ಬಂತು. “ಅಣ್ಣತಮ್ಮಂದಿರ ಹಾಗೆ! ಖಂಡಿತ ಆಗಲಿ. ಆದರೆ ದೂತನನ್ನ ಒಬ್ಬನೇ ಕಳಿಸಲಾರೆ, ನಾನೂ ಬರ್ತೀನಿ” ಅಂದವರೇ ಜಪಮಾಲೆ, ಕೊಡೆ, ನೀರಿನ ಬಾಟಲಿ ತೆಗೆದುಕೊಂಡು ಗಾಡಿಯ ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. ಆಚಾರಿ ಪಕ್ಕದಲ್ಲಿ ತುರುಕಿಕೊಳ್ಳಲು ಹೋದಾಗ ಕೈ ಅಡ್ಡ ಹಿಡಿದರು.

“ಇಲ್ಲಿ ಜಾಗ ಇಲ್ಲ ಆಚಾರ್ರೇ. ನನ್ನ ದೂತ ಕೂತಿದ್ದಾನೆ, ಡ್ರೈವರಿನ ದೂತ ಬೇರೆ. ನೀವೂ ನಿಮ್ಮವನೂ ಹಿಂದೆ ಆರಾಮವಾಗಿ ಕೂತ್ಕೊಳ್ಳಿ.”

ಹಾಗಾಗಿ ಸುರೇಂದ್ರಾಚಾರಿ ಹಿಂದಿನ ತೊಟ್ಟಿಯಲ್ಲಿ ಗಂಟನ್ನು ತಬ್ಬಿಕೊಂಡು, ಹೊಂಡ ಸಿಕ್ಕಾಗಲೆಲ್ಲ ಎಗರಿ ಬೀಳುತ್ತ ಪ್ರಯಾಣ ಮಾಡಿದ. ಪಕ್ಕದಲ್ಲಿ ದೂತ ಇದ್ದನೋ ಇಲ್ಲವೋ, ಇದ್ದಿದ್ದರೆ ಅವನ ಸೊಂಟಕ್ಕೂ ಪೆಟ್ಟಾಗಿರಬೇಕು.

ಪಾಂಡವಪುರದ ಸರ್ಕಲ್ಲಿನಲ್ಲಿ ಗಾಡಿ ನಿಂತಿತು. ಮುಂದೆ ಮಕ್ಕಳ ಮೆರವಣಿಗೆ, ಬ್ಯಾಂಡು, ಬ್ಯಾನರು. ಸ್ಥಳೀಯ ಮುಖಂಡ ರಘುನಂದನ್ ಸರ್ಕಲ್ಲಿನಲ್ಲಿ ಗಾಂಧೀಜಿಯ ಮೂರ್ತಿ ಇಡಿಸುತ್ತೇನೆಂದು ಊರಿಗೆಲ್ಲ ಸಾರಿ, ಮೂರ್ತಿ ಇನ್ನೂ ಬರದೆ ಖಾಲಿ ಕಟ್ಟೆಯ ಮುಂದೆ ಬೆವರು ಒರೆಸಿಕೊಳ್ಳುತ್ತಿದ್ದ. ಅವನ ಕಣ್ಣಿಗೆ ಬಿಳಿ ಬಟ್ಟೆ ಸುತ್ತಿದ ಗಂಟು, ಅದನ್ನು ಭಕ್ತಿಯಿಂದ ಅಪ್ಪಿಕೊಂಡು ಕೂತ ಮುದುಕ ಒಟ್ಟಿಗೇ ಬಿದ್ದರು.

“ಬಂದ್ರು! ಗಾಂಧೀಜಿ ಬಂದ್ರು! ಬಾರ್ಸ್ರಲೇ!”

ಬ್ಯಾಂಡು ಮೊಳಗಿತು. ಆಚಾರಿ ಬಾಯಿ ತೆರೆಯುವುದರೊಳಗೆ ಗಂಟಿನ ಕೊರಳಿಗೆ ಸೇವಂತಿಗೆ ಹಾರ ಬಿತ್ತು. ರಘುನಂದನ್ ಗಾಡಿಯ ಚಕ್ರದ ಮೇಲೆ ಕಾಲಿಟ್ಟು ಮೈಕಿನಲ್ಲಿ, ಬಾಪೂ ಸರಳವಾಗಿ ಬದುಕಿದರು, ಇವತ್ತೂ ಸರಳವಾಗಿ ಗೂಡ್ಸ್ ಆಟೋದಲ್ಲೇ ಬಂದಿದ್ದಾರೆ ಅಂತ ಭಾಷಣ ಶುರುಮಾಡಿದ. ಜನ ಚಪ್ಪಾಳೆ ತಟ್ಟಿದರು. ಮಾತಿನ ಭರದಲ್ಲಿ ಅವನ ಕೈ ಬಟ್ಟೆ ಬಿಚ್ಚಲು ಗಂಟಿನ ಕಟ್ಟಿಗೇ ಹೋಯಿತು.

“ಮುಟ್ಬೇಡಿ!” ಆಚಾರಿ ಕಿರುಚಿದ.

“ಯಾಕ್ರೀ?”

“ಇನ್ನೂ… ಇನ್ನೂ ಕೋಲು ಕೂರ್ಸಿಲ್ಲ ಸ್ವಾಮಿ. ಕೋಲಿಲ್ದಿರೋ ಗಾಂಧೀನ ಮಕ್ಕಳಿಗೆ ತೋರುಸ್ಬೋದಾ?”

ರಘುನಂದನ್ ಯೋಚಿಸುತ್ತ ಗಂಟಿನ ಬೆನ್ನು ಸವರಿದ. “ಇದೇನ್ರಿ ಬೆನ್ನ ಮೇಲೆ ಎರಡೂ ಕಡೆ ಉಬ್ಬು?”

ಮುಂದಿನ ಸೀಟಿನಿಂದ ಫಿಲೋಮಿನಮ್ಮ ತಲೆ ಹೊರಹಾಕಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. “ಅದು ರೆಕ್ಕೆ.”

ಬ್ಯಾಂಡು ನಿಂತಿತು.

“ಗಾಂಧೀಜೀಗೆ ರೆಕ್ಕೆನಾ?”

“ಸತ್ಮೇಲೆ ಬತ್ತವೆ ಸಾ” ಅಂದ ಚಲುವರಾಜು. ಸಹಾಯ ಮಾಡುವ ಉದ್ದೇಶವೇ ಇತ್ತು.

ರಘುನಂದನ್ ಒಪ್ಪಿಕೊಳ್ಳುವುದರಲ್ಲಿದ್ದ. ಆದರೆ ಫಿಲೋಮಿನಮ್ಮನಿಂದ ಸುಮ್ಮನಿರಲಾಗಲಿಲ್ಲ. “ಇಲ್ಲಪ್ಪ, ತಪ್ಪು ಹೇಳಬಾರದು. ಮನುಷ್ಯರು ಸತ್ತು ದೂತರಾಗೋದಿಲ್ಲ. ಎಷ್ಟೇ ದೊಡ್ಡವರಾದರೂ ಮನುಷ್ಯರು ಮನುಷ್ಯರೇ. ದೂತರನ್ನ ದೇವರು ಬೇರೆಯಾಗಿ ಸೃಷ್ಟಿ ಮಾಡಿದ್ದು” ಅಂತ ಕೆಳಗಿಳಿದು, ಮಕ್ಕಳನ್ನು ಹತ್ತಿರ ಕರೆದು, ದೂತರಲ್ಲಿ ಎಷ್ಟು ಬಗೆ, ಯಾರಿಗೆ ಯಾವ ಕೆಲಸ ಅಂತ ಪಾಠ ತೆಗೆದುಕೊಂಡರು. ಮಕ್ಕಳು ಒಬ್ಬರ ಹೆಗಲ ಹಿಂದೆ ಒಬ್ಬರು ಇಣುಕಿ ತಮ್ಮ ತಮ್ಮ ದೂತರನ್ನು ಹುಡುಕತೊಡಗಿದರು. ಗಾಂಧೀಜಿಯನ್ನು ಯಾವ ಬಗೆಗೆ ಸೇರಿಸುವುದು ಅಂತ ರಘುನಂದನ್ ತಲೆ ಕೆರೆದುಕೊಳ್ಳುತ್ತಿರುವಾಗ ದೂರದಲ್ಲಿ ನಿಜವಾದ ಗಾಂಧಿಯನ್ನು ಹೊತ್ತ ಲಾರಿ ಹಾರನ್ ಹೊಡೆಯಿತು. ಜನ ಆ ಕಡೆ ಓಡಿದರು. ಚಲುವರಾಜು ಫಿಲೋಮಿನಮ್ಮನನ್ನು ಹೆಚ್ಚುಕಡಿಮೆ ಎತ್ತಿ ಸೀಟಿಗೆ ಹಾಕಿಕೊಂಡು ಗಾಡಿ ಬಿಟ್ಟ.

ಮೇಲುಕೋಟೆಯ ಬೆಟ್ಟ ದಾಟಿ ಹೊಂಗೆಕೊಪ್ಪಲು ಸೇರುವಾಗ ಬಿಸಿಲು ಇಳಿಯತೊಡಗಿತ್ತು. ಗುಡಿಯ ಮುಂದೆ ಚಪ್ಪರ ಹಾಕಿತ್ತು, ಹೆಂಗಸರು ಸೋಬಾನೆ ಹೇಳುತ್ತಿದ್ದರು. ಮೀಸೆಗೆ ಎಣ್ಣೆ ಹಚ್ಚಿಕೊಂಡಿದ್ದ ಮುದ್ದಯ್ಯ ಎದುರಿಗೆ ಬಂದ.

“ಬನ್ನಿ ಆಚಾರ್ರೇ! ಫೈಬರ್ರು ಫೈಬರ್ರು ಅಂತಿದ್ದೋರ್ನೆಲ್ಲ ಮುಂದಿನ್ ಸಾಲ್ನಲ್ಲೇ ಕುಂಡ್ರುಸ್ತೀನಿ, ನೋಡ್ಲಿ. ಇದೇನು, ಇನ್ನೊಂದ್ ಗಂಟು?”

ಆಚಾರಿ ಅದೇ ಶಾಸ್ತ್ರ ಹೇಳಿದ. ಈ ಸಲ ಸ್ವಲ್ಪ ಸಲೀಸಾಗಿ ಬಂತು. ಒಂದೇ ಮರದ ಮಕ್ಕಳು, ಪಕ್ಕಪಕ್ಕ ಕೂರಬೇಕು, ಆ ಹೊತ್ತಿನಲ್ಲಿ ಮಾಡಿದವನೂ ಒಬ್ಬ ಸಹಾಯಕನೂ ಬಿಟ್ಟು ಇನ್ನಾರೂ ಒಳಗಿರಬಾರದು.

ಮುದ್ದಯ್ಯ ಹುಬ್ಬು ಗಂಟಿಕ್ಕಿದ. “ಚರ್ಚಿನೋನು ನಮ್ ಗರುಡಂಗೆ ತಮ್ಮ ಆಯ್ತಾನಾ?”

“ತಮ್ಮನೋ ಅಣ್ಣನೋ, ಕೆಲಸ ಮಾತ್ರ ಒಂದೇ” ಅಂತ ಫಿಲೋಮಿನಮ್ಮ ಮುಂದೆ ಬಂದರು. “ದೇವರ ಸೇವೆ.”

“ನಮ್ಮೋನು ಸ್ವಾಮೀನ ಬೆನ್ ಮೇಲೆ ಒತ್ಕಂಡೋಯ್ತಾನೆ ಕಣಮ್ಮ. ನಿಮ್ಮೋನು?”

“ನಮ್ಮವನು ನಮ್ಮನ್ನ ಕಾಯ್ತಾನೆ. ಪ್ರತಿಯೊಬ್ಬರಿಗೂ ಒಬ್ಬೊಬ್ಬ.”

ಮುದ್ದಯ್ಯನಿಗೆ ಆಸಕ್ತಿ ಹುಟ್ಟಿತು. “ಒಬ್ಬೊಬ್ರಿಗೂ ಒಬ್ಬೊಬ್ನಾ? ಅಷ್ಟೊಂದ್ ಜನಾನ ಎಲ್ಲಿಂದ ತತ್ತಾರೆ? ನಮ್ ಪಂಚಾಯ್ತೀಲಿ ನೀರ್ ಬುಡಕ್ಕೆ ಒಬ್ನಿಲ್ಲ. ರಜ ಗಿಜ ಉಂಟಾ?”

“ರಜೆಯೇ ಇಲ್ಲ. ನಿದ್ದೆಯೂ ಇಲ್ಲ.”

“ಅಂಗಾರೆ ನನ್ ಎಮ್ಮೆ ಕಳ್ವಾದಾಗ ನನ್ನೋನು ಎಲ್ಲಿದ್ದ?”

“ಅವನು ಕಾಯೋದು ನಿಮ್ಮನ್ನ. ಎಮ್ಮೆಯನ್ನ ನೀವೇ ಕಾಯಬೇಕು.”

ಸುತ್ತ ನಿಂತವರು ನಕ್ಕರು. ಮುದ್ದಯ್ಯ ಫಿಲೋಮಿನಮ್ಮನಿಗೆ ಕುರ್ಚಿ ಹಾಕಿಸಿ, ಅವರ ದೂತನಿಗೂ ಒಂದು ಕುರ್ಚಿ ಹಾಕಿಸಿದ. ಆ ಸಂದಿನಲ್ಲಿ ಆಚಾರಿ ಮತ್ತು ಚಲುವರಾಜು ಬಿಳಿ ಗಂಟು ಹೊತ್ತುಕೊಂಡು ಗುಡಿಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡರು.

ಹಳದಿ ಗಂಟು ಎಲ್ಲೂ ಕಾಣಲಿಲ್ಲ. ಪ್ರತಿಷ್ಠೆಗೆ ಮುಂಚೆ ಮೂರ್ತಿಯನ್ನು ಧಾನ್ಯದಲ್ಲಿ ಮಲಗಿಸುವ ಶಾಸ್ತ್ರವಿದೆ. ಊರಿನವರು ಮನೆಮನೆಯಿಂದ ಭತ್ತ ತಂದು ಸುರಿದಿದ್ದರು. ಇಬ್ಬರೂ ಭತ್ತದ ರಾಶಿಗೆ ಮೊಣಕೈ ತನಕ ಕೈ ಹಾಕಿ ತಡಕಾಡಿದರು. ಧೂಳಿಗೆ ಚಲುವರಾಜು ಸೀನತೊಡಗಿದ. ಅವನು ಸೀನಿದಾಗಲೆಲ್ಲ ಆಚಾರಿ ಜೋರಾಗಿ “ನಾರಾಯಣ” ಅಂದು ಮುಚ್ಚಿಹಾಕಿದ. ಹೊರಗಿನವರು ಒಳಗೆ ಏನೋ ಭಾರಿ ಪೂಜೆ ನಡೆಯುತ್ತಿದೆ ಅಂದುಕೊಂಡು ಕೈ ಮುಗಿದರು.

ಕಡೆಗೆ ಹಳದಿ ಗಂಟನ್ನು ಎಳೆದು ಹಾಕಿ ಎರಡರ ಬಟ್ಟೆಯನ್ನೂ ಬಿಚ್ಚಿದರು. ಬರೀ ಗೋಣಿಯ ಎರಡು ಮೂಟೆ ಅಕ್ಕಪಕ್ಕ ನಿಂತವು. ಚಲುವರಾಜು ಇನ್ನೊಂದು ಸಲ ಸೀನಿ ಕಣ್ಣು ಒರೆಸಿಕೊಂಡ.

“ಅಣ್ಣಾ, ಈಗ ಯಾವ್ದು ಯಾವ್ದು?”

ಆಚಾರಿ ಎರಡು ಮೂಟೆಯನ್ನೂ ಸುತ್ತಿ ಸುತ್ತಿ ನೋಡಿದ. ಆಮೇಲೆ ಒಂದು ಗೋಣಿಯ ನೂಲಿಗೆ ಭತ್ತದ ಕಾಳು ಸಿಕ್ಕಿಕೊಂಡದ್ದು ಕಂಡು ಉಸಿರುಬಿಟ್ಟ. “ಭತ್ತ ಅಂಟಿರೋದು ಇಲ್ಲಿದ್ದದ್ದು. ಅದುಕ್ಕೆ ಬಿಳಿ ಕಟ್ಟು. ಚರ್ಚಿಂದ ತಂದದ್ದುಕ್ಕೆ ಹಳ್ದಿ.”

ಅರ್ಧ ಕಟ್ಟುವಷ್ಟರಲ್ಲಿ ಹಿಂದಿನ ಬಾಗಿಲು ಕಿರ್ ಅಂದಿತು. ಗುಡಿಯ ಕಸ ಗುಡಿಸುವ ಚಿಕ್ಕಬೋರಜ್ಜಿ ಇಣುಕಿದಳು.

“ಏನ್ ಮಾಡ್ತಾ ಇದ್ದೀರ್ಲಾ?”

“ಬಟ್ಟೆ… ಬಟ್ಟೆ ಬದ್ಲಾಯ್ಸ್ತಾ ಇವ್ನಿ ಅಜ್ಜೀ, ದೇವ್ರುದು” ಅಂದ ಆಚಾರಿ.

“ಅಯ್ ಸಿವನೇ, ಏಳ್ಬಾರ್ದಾ ಮೊದ್ಲೇ!” ಅಜ್ಜಿ ನಾಚಿ ಸೆರಗು ಮುಖಕ್ಕೆ ಎಳೆದುಕೊಂಡು ಬಾಗಿಲು ಹಾಕಿದಳು.

ಹಳದಿ ಗಂಟು ಭತ್ತದೊಳಗೆ ಮಲಗಿತು, ಬಿಳಿ ಗಂಟು ಗಾಡಿ ಏರಿತು. ಫಿಲೋಮಿನಮ್ಮ ಕುರ್ಚಿ ಬಿಟ್ಟು ಏಳುವಾಗ ಮುದ್ದಯ್ಯ ಖಾಲಿ ಕುರ್ಚಿಗೂ ಕೈ ಮುಗಿದು ಬೀಳ್ಕೊಟ್ಟ.

ವಾಪಸು ಬರುವಾಗ ಆಚಾರಿ ತೊಟ್ಟಿಯಲ್ಲಿ ಕಾಲು ಚಾಚಿಕೊಂಡು ಕೂತ. ಪಕ್ಕಕ್ಕೆ ಯಾರೂ ಇಲ್ಲದ ಜಾಗದ ಕಡೆ ತಿರುಗಿ ಮೆಲ್ಲಗೆ ಮಾತಾಡಿದ. “ಅಪ್ಪಾ, ನೀನು ಇರೋದು ನಿಜ ಆದ್ರೆ, ಬೆಳಿಗ್ಗೆ ನಿನ್ ಮೇಲೆ ಬೇಜಾರ್ ಮಾಡ್ಕಂಡೆ, ಮನ್ಸಿಗೆ ಅಚ್ಕಬೇಡ. ತುಳ್ಸಿ ತೋರ್ಸಿ ಎಚ್ಚರ ಮಾಡ್ದೋನು ನೀನೇ ಇರ್ಬೇಕು. ಇದೊಂದ್ ದಡ ಮುಟ್ಟುಸ್ಬುಡು.” ಹೇಳಿದ ಮೇಲೆ ಮನಸ್ಸು ಹಗುರವಾಯಿತು. ಗಾಡಿಯಲ್ಲೇ ಉಳಿದಿದ್ದ ಗಾಂಧಿ ಹಾರದಿಂದ ಒಂದು ಸೇವಂತಿಗೆ ಕಿತ್ತು ಆ ಖಾಲಿ ಜಾಗದಲ್ಲಿ ಇಟ್ಟ.

ಚರ್ಚು ಮುಟ್ಟಿದಾಗ ಗಂಟೆ ಹೊಡೆಯುತ್ತಿತ್ತು. ಜನ ತುಂಬಿದ್ದರು. ಫಾದರ್ ಉಡುಪು ತೊಟ್ಟು ಸಿದ್ಧವಾಗಿ ನಿಂತು ಬಾಗಿಲನ್ನೇ ನೋಡುತ್ತಿದ್ದರು. ಬಿಳಿ ಗಂಟು ತನ್ನ ಜಾಗ ಸೇರಿತು. ಅದರ ಮುಖ ನೋಡಬಾರದ ಆಚಾರಿ ಕೊನೆಯ ಬೆಂಚಿನ ಹಿಂದೆ, ಕಂಬದ ಮರೆಯಲ್ಲಿ ನಿಂತು ಬೆವರು ಒರೆಸಿಕೊಂಡ. ಅವನ ಜೀವನದಲ್ಲಿ ಇಷ್ಟು ನೆಮ್ಮದಿಯ ಗಳಿಗೆ ಬಂದದ್ದು ಅಪರೂಪ. ಹಾಡು ಮುಗಿಯಿತು, ಫಾದರ್ ಮಾತಾಡಿದರು, ಇಬ್ಬರು ಗೋಣಿಯ ಹೊಲಿಗೆ ಬಿಚ್ಚಿ ಹುಲ್ಲು ಸರಿಸತೊಡಗಿದರು. ಬಟ್ಟೆಯನ್ನು ಮಾತ್ರ ಮುಂದೆ ಪರದೆಯಂತೆ ಹಿಡಿದಿದ್ದರು.

ಜೇಬಿನಲ್ಲಿ ಫೋನು ನಡುಗಿತು. ಗೊತ್ತಿಲ್ಲದ ನಂಬರು.

“ರೀ, ನಾನು ಕಣ್ರೀ. ನನ್ ಫೋನು ಫ್ರಿಜ್ ಮೇಲೇ ಬುಟ್ಬಂದ್ಬುಟ್ಟೆ. ಅಣ್ಣನ್ ಫೋನಲ್ಲಿ ಮಾಡ್ತಿವ್ನಿ. ಊಟ ಮಾಡುದ್ರಾ?”

“ಊಟದ್ ಮನೆ ಆಳಾಗೋಗ್ಲಿ” ಅಂತ ಆಚಾರಿ ಪಿಸುಗುಟ್ಟಿದ. ಆದರೆ ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು. “ನಿನ್ ಗಂಡ ಇವತ್ತು ಎಂತಾ ಕೆಲ್ಸ ಮಾಡವ್ನೆ ಗೊತ್ತಾ? ನೆನ್ನೆ ಕನ್ನಡ್ಕ ಇಲ್ದೆ ಬಟ್ಟೆ ಅದ್ಲುಬದ್ಲು ಕಟ್ಬುಟ್ಟಿದ್ದೆ ಕಣೇ. ಗರುಡಂಗೆ ಬಿಳೀದು, ದೂತಂಗೆ ಹಳ್ದೀದು. ದಿನವೆಲ್ಲ ಅಲ್ದಾಡಿ, ಯಾರ್ಗೂ ಗೊತ್ತಾಗ್ದಂಗೆ ಎಲ್ಲಾನೂ ಸರಿ ಮಾಡ್ಬುಟ್ಟೆ.”

ಹೊಣಕೆರೆಯ ಕಡೆ ಪಾತ್ರೆಯೊಂದು ಠಣ್ ಅಂತ ನೆಲಕ್ಕೆ ಬಿತ್ತು.

“ವರ? ಇದ್ದೀಯಾ?”

“ಏನ್ ಸರಿ ಮಾಡುದ್ರಿ? ರೀ, ದೀಪ ಇಡ್ಕಂಡು ನಿಂತಿದ್ದೋಳು ನಾನಲ್ವಾ? ನೀವು ತಪ್ ಕಟ್ಟಿದ್ದು ನಂಗೆ ಕಾಣ್ನಿಲ್ವಾ? ಬೆಳಿಗ್ಗೆ ನೀವು ಟೀ ಅಂಗ್ಡೀಗ್ ಓದ್ಮೇಲೆ ಬಟ್ಟೆ ಬಿಚ್ಚಿ, ಗರುಡಂಗೆ ಹಳ್ದೀದು, ದೂತಂಗೆ ಬಿಳೀದು ಕಟ್ಟಿ, ಸರ್ಯಾಗೇ ಕಳ್ಸುದ್ನಲ್ರೀ!”

“ಯಾಕೆ… ಯಾಕೆ ಏಳ್ನಿಲ್ಲ?”

“ಏಳುದ್ರೆ ಕುಣುದಾಡ್ತೀರಾ ಅಂತ ಸುಮ್ಕಾದೆ.”

ಅದೇ ಗಳಿಗೆಗೆ ಮುಂದೆ ಬಟ್ಟೆ ಜಾರಿತು. ಮುಖದ ಹತ್ತಿ ಫಾದರ್ ಕೈಯಲ್ಲಿತ್ತು. ಮೊದಲನೆಯ ಬೆಂಚಿನಲ್ಲಿ ತಾಯಿಯ ತೊಡೆಯ ಮೇಲಿದ್ದ ಒಂದು ಮಗು ಕೈ ಚಾಚಿ ಖುಷಿಯಿಂದ ಕೂಗಿತು.

“ಅಮ್ಮಾ, ಗಿಣಿ!”

ಆಚಾರಿ ಕಂಬಕ್ಕೆ ಒರಗಿ ಹಾಗೇ ನೆಲಕ್ಕೆ ಜಾರಿದ. ಫೋನು ಮತ್ತೆ ನಡುಗಿತು. ಈ ಸಲ ಮುದ್ದಯ್ಯ. ಹಿಂದೆ ಇಡೀ ಹೊಂಗೆಕೊಪ್ಪಲು ಒಟ್ಟಿಗೆ ಮಾತಾಡುತ್ತಿತ್ತು. ನಗುವವರೂ ಇದ್ದರು.

“ಆಚಾರ್ರೇ,” ಮುದ್ದಯ್ಯನ ದನಿ ಅಳುವುದಕ್ಕೂ ಗದರುವುದಕ್ಕೂ ನಡುವೆ ಎಲ್ಲೋ ಇತ್ತು, “ನಮ್ ಗರುಡನ್ ಮೂಗೆಲ್ಲಿ? ಮೀಸೆ ಎಲ್ಲಿ? ಗುಂಗ್ರುಕೂದ್ಲು ಬುಟ್ಕಂಡು ಕುಂತವ್ನಲ್ರೀ! ಇಲ್ಲಿ ಕತ್ತಿ ಮಸೀತಾವ್ರೆ, ನನ್ ಮೀಸೆ ಬೋಳ್ಸಕ್ಕೆ!”

ಫೋನು ಆಚಾರಿಯ ಕೈಯಲ್ಲೇ ಮಾತಾಡಿಕೊಂಡಿತ್ತು. ಅವನ ಕಣ್ಣ ಮುಂದೆ ಪ್ಲೈವುಡ್ ಕಪಾಟುಗಳು ಸಾಲುಸಾಲಾಗಿ ಬಾಗಿಲು ತೆರೆದು ನಿಂತವು.

ಬೆಂಚುಗಳ ನಡುವೆ ಫಿಲೋಮಿನಮ್ಮ ನಡೆದು ಬಂದರು. ಬಯ್ಯುತ್ತಾರೆಂದು ಆಚಾರಿ ತಲೆ ತಗ್ಗಿಸಿದ. ಅವರು ಬಯ್ಯಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂರುವ ಹಾಗೆ ನೆಲದಲ್ಲೇ ಕೂತು ಬೆನ್ನು ತಟ್ಟಿದರು.

“ಹೆದರಬೇಡಿ ಆಚಾರ್ರೇ. ಧೈರ್ಯವಾಗಿರಿ. ನಿಮ್ಮ ಕಾವಲು ದೂತ ಇಲ್ಲೇ ನಿಮ್ಮ ಪಕ್ಕದಲ್ಲೇ ಇದ್ದಾನೆ.”

“ಇಲ್ಲ ಕಣಮ್ಮ” ಅಂದ ಸುರೇಂದ್ರಾಚಾರಿ. “ಅವ್ಳು ಹೊಣಕೆರೇಲವ್ಳೆ.”